ಮನವಿ ಪತ್ರಗಳಿಂದ ಗಡುವು ನಿಲ್ಲದು

ರಸ್ತೆ ಅಗಲೀಕರಣದ ಹೆಸರಿನಲ್ಲಿ ಅಧಿಕಾರಿಗಳು ಅಂಗಡಿಯೊಂದನ್ನು ಕೆಡವುತ್ತಾರೆ. ಮರುದಿನವೇ ನಮ್ಮ ಮುಖಂಡರ ನಿಯೋಗ ಶಾಸಕರ ಮನೆಗೆ ಧಾವಿಸುತ್ತದೆ. ಶಾಲು ಹೊದಿಸಿ, ಮನವಿ ಪತ್ರ ಅರ್ಪಿಸಿ, ಛಾಯಾಚಿತ್ರ ತೆಗೆಸಿಕೊಂಡು ಮರಳುತ್ತದೆ. ಆರು ತಿಂಗಳ ಬಳಿಕ ಇನ್ನೊಂದು ಮನವಿ, ವರ್ಷ ಕಳೆದ ಮೇಲೆ ಮತ್ತೊಂದು. ಕೊನೆಗೆ ವಕೀಲರ ಬಳಿ ಹೋದಾಗ ಅವರು ಹೇಳುವ ಮಾತು ಒಂದೇ: ‘ಅವಧಿ ಮುಗಿದಿದೆ.’ ಅನ್ಯಾಯಕ್ಕೆ ದಾಖಲೆಯಿದೆ, ಸಾಕ್ಷಿಯಿದೆ. ದಾವೆಯ ಬಾಗಿಲು ಮಾತ್ರ ಮುಚ್ಚಿದೆ.

ಈ ದುರಂತಕ್ಕೆ ಹೊಣೆ ಯಾರು? ಮೊದಲ ಹೊಣೆ ಸರಕಾರದ್ದು. 1963ರ ಕಾಲಮಿತಿ ಕಾಯ್ದೆಯನ್ನು ತೆರೆದು ನೋಡಿ. ಕಾನೂನಿನ ಬಲದಿಂದ ಮಾಡಿದೆವೆಂದು ಅಧಿಕಾರಿಗಳು ಹೇಳುವ ಕೃತ್ಯಕ್ಕೆ ಪರಿಹಾರ ಕೋರಿ ದಾವೆ ಹೂಡಲು ಪ್ರಜೆಗಿರುವುದು ಕೇವಲ 1 ವರ್ಷ. ಪ್ರತ್ಯೇಕವಾಗಿ ಅವಧಿ ಹೇಳದ ದಾವೆಗಳಿಗೆ 3 ವರ್ಷ. ಅದೇ ಸರಕಾರ ಪ್ರಜೆಯ ಮೇಲೆ ದಾವೆ ಹೂಡುವುದಾದರೆ ಸಾಮಾನ್ಯವಾಗಿ 30 ವರ್ಷ! ಸಾವಿರಾರು ನೌಕರರು, ವೇತನ ಪಡೆಯುವ ವಕೀಲರು ಇರುವವರಿಗೆ ಮೂರು ದಶಕ. ಗೂಡಂಗಡಿಯವನಿಗೆ ಒಂದು ವರ್ಷ. ಇದು ಯಾವ ಸಮಾನತೆ?

ಇಷ್ಟಾದರೂ ಸರಕಾರ ಸಕಾಲದಲ್ಲಿ ಎಚ್ಚರಗೊಳ್ಳುವುದಿಲ್ಲ. 427 ದಿನ ತಡವಾಗಿ ಬಂದ ಅಂಚೆ ಇಲಾಖೆಯ ಮೇಲ್ಮನವಿಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. 2020ರಲ್ಲಿ 663 ದಿನ ತಡವಾಗಿ ಬಂದ ಮಧ್ಯಪ್ರದೇಶ ಸರಕಾರಕ್ಕೆ 25,000 ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಯ ವಿಳಂಬಕ್ಕಾದರೂ ಕ್ಷಮೆ ಕೋರಲು ಅವಕಾಶವಿದೆ. ಪ್ರಜೆಯ ಮೂಲ ದಾವೆಗೆ ಅದೂ ಇಲ್ಲ. ಎದುರಾಳಿ ಆಕ್ಷೇಪಿಸದಿದ್ದರೂ ಗಡುವು ಮೀರಿದ ದಾವೆಯನ್ನು ನ್ಯಾಯಾಲಯ ವಜಾಗೊಳಿಸಲೇಬೇಕು.

ಹಳೆಯ ವ್ಯಾಜ್ಯಗಳಿಗೊಂದು ಕೊನೆಯಿರಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಗಡುವನ್ನು ಬಚ್ಚಿಟ್ಟು ಪ್ರಜೆಯನ್ನು ಸೋಲಿಸುವುದು ಆಡಳಿತವಲ್ಲ. ಸರಕಾರಿ ಆದೇಶ ಅಥವಾ ನೋಟಿಸಿನ ಪ್ರತಿಯೊಂದು ಹಾಳೆಯಲ್ಲೂ, ಅದನ್ನು ಎಲ್ಲಿ, ಯಾವ ದಿನಾಂಕದೊಳಗೆ ಪ್ರಶ್ನಿಸಬಹುದೆಂಬುದನ್ನು ಸರಳ ಕನ್ನಡದಲ್ಲಿ ಮುದ್ರಿಸಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ, ಪ್ರಾಮಾಣಿಕತೆ ಸಾಕು.

ಎರಡನೆಯ ಹೊಣೆ ನಮ್ಮದೇ. ಕಾನೂನಿನಲ್ಲಿ ಅವಕಾಶವಿಲ್ಲದ ಮನವಿಗಳನ್ನು ಮತ್ತೆ ಮತ್ತೆ ಸಲ್ಲಿಸುವುದರಿಂದ ಗಡುವು ವಿಸ್ತರಣೆಯಾಗದೆಂದು 1989ರಲ್ಲೇ ಸರಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೂ ಸಚಿವರ ಮುಗುಳ್ನಗೆಯನ್ನೇ ನಾವು ತೀರ್ಪೆಂದು ಭಾವಿಸುತ್ತೇವೆ. ಸರಕಾರದ ವಿರುದ್ಧ ದಾವೆ ಹೂಡುವುದನ್ನು ದ್ರೋಹವೆಂದೋ, ದುಸ್ಸಾಹಸವೆಂದೋ ಅಂಜುತ್ತೇವೆ. ಸಂವಿಧಾನವನ್ನು ನಂಬುವವರು ನ್ಯಾಯಾಲಯದ ಮೆಟ್ಟಿಲು ಹತ್ತಲು ಅಂಜಬೇಕೇಕೆ?

ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಸರಕಾರದ ವಿರುದ್ಧ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ನೀಡಬೇಕು. ಕಡ್ಡಾಯವಾದ ಈ ನೋಟಿಸಿನ ಅವಧಿ ಗಡುವಿನ ಲೆಕ್ಕಕ್ಕೆ ಸೇರದು. ತುರ್ತು ಪರಿಹಾರ ಬೇಕಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವೆ ಹೂಡಬಹುದು. ಭೂಸ್ವಾಧೀನದಂತಹ ವಿಶೇಷ ಕಾಯ್ದೆಗಳ ಗಡುವು ಇನ್ನೂ ಕಿರಿದು: 2013ರ ಕಾಯ್ದೆಯಡಿ ಐತೀರ್ಪಿನ ವೇಳೆ ಹಾಜರಿದ್ದವರು ಪರಿಹಾರದ ಮೊತ್ತವನ್ನು ಪ್ರಶ್ನಿಸಲು 6 ವಾರದೊಳಗೆ ಅರ್ಜಿ ಸಲ್ಲಿಸಬೇಕು. ವಕೀಲರ ಶುಲ್ಕ ಭರಿಸಲಾಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವಿಗೆ ಅರ್ಹರು.

ನೋಟಿಸ್ ಕೈಗೆ ಬಂದ ದಿನವೇ ಅದರ ಮೇಲೆ ದಿನಾಂಕ ಬರೆದಿಡಿ, ಲಕೋಟೆಯನ್ನೂ ಎಸೆಯಬೇಡಿ. ಅದೇ ವಾರ ವಕೀಲರನ್ನು ಕಾಣಿರಿ. ಪ್ರತಿ ಮೊಹಲ್ಲಾದಲ್ಲೂ ಇಬ್ಬರು ವಿದ್ಯಾವಂತ ಯುವಕರು ಈ ಕೆಲಸಕ್ಕೆ ಸಿದ್ಧರಾಗಲಿ. ಶಾಸಕರನ್ನು ಆಮೇಲೆಯೂ ಭೇಟಿಯಾಗಬಹುದು. ಕಳೆದುಹೋದ ಗಡುವು ಮಾತ್ರ ಯಾವ ಸನ್ಮಾನಕ್ಕೂ ಮರಳಿ ಬಾರದು.