ಬಿಳಿಯ ಅನ್ನದ ವ್ಯಾಮೋಹ

ಹೊಟ್ಟೆ ತುಂಬ ಉಂಡವನಿಗೂ ಆಹಾರದ ಕೊರತೆ ಉಂಟಾಗಬಹುದೆಂಬ ಮಾತು ನಮ್ಮ ಹಿರಿಯರಿಗೆ ವಿಚಿತ್ರವಾಗಿ ಕೇಳಿಸೀತು. ಆದರೆ ಮುಂಬಯಿ, ಪುಣೆಗಳಲ್ಲಿ ನೆಲಸಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಇಂದು ಕಾಣಬರುವುದು ಇದೇ ಬಗೆಯ ಕೊರತೆ. ಹಸಿವಿಲ್ಲ, ಆದರೂ ಎರಡು ಮಾಳಿಗೆ ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡಿದೆ, ಅಂಗಾಲಿನಲ್ಲಿ ಜೋಮು. ಊರಿನ ನೀರು ಬಿಟ್ಟುದರ ಫಲವೆಂದು ಹೇಳಿ ಟಾನಿಕ್ಕಿನ ಸೀಸೆಯೊಂದನ್ನು ತಂದಿಡುವುದು ವಾಡಿಕೆ. ಊರಿನ ನೀರಿನ ಮಾತು ಹಾಗಿರಲಿ, ಊರಿನ ಊಟವನ್ನು ಬಿಟ್ಟುದರ ಕುರಿತು ಯೋಚಿಸುವುದು ಲೇಸು.

ಕರಾವಳಿಯ ಬಹುಪಾಲು ಮನೆಗಳಲ್ಲಿ ಕುಚ್ಚಲಕ್ಕಿ ನಿತ್ಯದ ಊಟಕ್ಕೆ, ಬೆಳ್ತಿಗೆ ಅಕ್ಕಿ ಹಬ್ಬಕ್ಕೆ ಹಾಗೂ ನೆಂಟರಿಗೆ. ಮೈಸೂರು ಸೀಮೆಯವರಿಗೆ ರಾಗಿ, ಬಡಗಣ ಜಿಲ್ಲೆಗಳವರಿಗೆ ಜೋಳ, ಸಜ್ಜೆ. ನಗರಕ್ಕೆ ಬಂದು ನಾಲ್ಕು ಕಾಸು ಕೈಯಲ್ಲಾಡಿದೊಡನೆ ಹಬ್ಬದ ಅಕ್ಕಿಯೇ ನಿತ್ಯದ ಅಕ್ಕಿಯಾಯಿತು. ಅನ್ನ ಬೆಳ್ಳಗಾದಷ್ಟೂ ಮನೆತನ ಮೇಲೇರಿತೆಂಬ ಭ್ರಮೆಯೂ ಅದರೊಡನೆ ಬಂದಿತು.

ಈ ಬಿಳುಪಿನ ಬೆಲೆಯೇನೆಂಬುದನ್ನು ಜಗತ್ತಿಗೆ ಮೊದಲು ತೋರಿಸಿದುವು ಜಾವಾ ದ್ವೀಪದ ಕೋಳಿಗಳು. 1890ರ ದಶಕದಲ್ಲಿ ಕ್ರಿಸ್ತಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣವನ್ನು ಅಲ್ಲಿ ಹುಡುಕುತ್ತಿದ್ದರು. ನಯಮಾಡಿದ ಅಕ್ಕಿಯ ಅನ್ನವನ್ನು ತಿಂದ ಕೋಳಿಗಳು ಕಾಲು ಸೋತು ಬಿದ್ದುವು. ತೌಡಿರುವ ಅಕ್ಕಿಯನ್ನು ಹಾಕಿದೊಡನೆ ಎದ್ದು ಓಡಾಡಿದುವು. ರೋಗಾಣುವನ್ನು ಅರಸುತ್ತಿದ್ದವರಿಗೆ ದೊರೆತುದು ತೌಡಿನ ಗುಟ್ಟು. ಐಕ್ಮನ್ನರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ತೌಡಿನಲ್ಲಿ ಅಡಗಿದ್ದ ಆ ವಸ್ತುವನ್ನೇ ಇಂದು ನಾವು ಬಿ-1 ಜೀವಸತ್ವವೆನ್ನುತ್ತೇವೆ.

ಯಾವ ಪ್ರಯೋಗಶಾಲೆಯನ್ನೂ ಕಾಣದ ನಮ್ಮ ಅಜ್ಜಿಯಂದಿರು ಈ ಗುಟ್ಟನ್ನು ಬಲ್ಲವರಂತೆ ನಡೆದುಕೊಂಡುದು ಸೋಜಿಗ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅನಂತರ ಹೊಟ್ಟು ತೆಗೆಯುವುದು ಕುಚ್ಚಲಕ್ಕಿಯ ಕ್ರಮ. ಹೀಗೆ ಬೇಯಿಸುವಾಗ ಹೊರಪದರದಲ್ಲಿರುವ ಜೀವಸತ್ವವು ನೀರಿನೊಡನೆ ಕಾಳಿನ ಒಳಕ್ಕಿಳಿಯುತ್ತದೆ. ಆದುದರಿಂದ ಗಿರಣಿಗೆ ಕೊಟ್ಟರೂ, ಮತ್ತೆ ಮತ್ತೆ ತೊಳೆದರೂ ಅದೆಲ್ಲವೂ ಹೊರಟುಹೋಗದು. ಗಂಜಿಯೂಟದಲ್ಲಿ ತಿಳಿಯನ್ನೂ ಕುಡಿಯುತ್ತಿದ್ದುದರಿಂದ ಉಳಿದುದೂ ದಕ್ಕುತ್ತಿತ್ತು. ಗಿರಣಿಯ ಹಸಿ ಅಕ್ಕಿಯನ್ನೇ ನೆಚ್ಚಿದ್ದ ಉತ್ತರ ಆಂಧ್ರದ ಕರಾವಳಿಯಲ್ಲಿ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಬೆರಿಬೆರಿ ಬೇರೂರಿತ್ತು. ಈ ವಿಷಯಗಳನ್ನು ಶೋಧಿಸಿದ ಕೂನೂರಿನ ಪೋಷಣ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ.

ಬೆರಿಬೆರಿಯೇನೋ ಇಂದು ಅಪರೂಪ. ಅದರ ಸ್ಥಾನವನ್ನು ಆಕ್ರಮಿಸಿರುವುದು ರಕ್ತಹೀನತೆ. ಅದನ್ನು ತಡೆಯಲು ಸರಕಾರವು 1970ರಲ್ಲಿಯೇ ಕಬ್ಬಿಣದ ಮಾತ್ರೆಗಳ ಕಾರ್ಯಕ್ರಮವನ್ನು ಆರಂಭಿಸಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಪುರುಷರಲ್ಲಿ ನೂರಕ್ಕೆ 25. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ, ಹೆರುವ, ಹಾಲೂಡಿಸುವ ದೇಹಕ್ಕೆ ಕಬ್ಬಿಣ ಹೆಚ್ಚು ಬೇಕು. ನಮ್ಮ ಪದ್ಧತಿಯಾದರೋ ಅವಳನ್ನು ಕಡೆಯ ಪಂಕ್ತಿಗೆ ಕೂರಿಸಿ ತಳದ ಸಾರನ್ನು ಬಡಿಸುತ್ತದೆ. ಹರಿವೆ, ನುಗ್ಗೆಸೊಪ್ಪು, ಹುರುಳಿ ಮೊದಲಾದುವು ನಗರದ ಅಡಿಗೆಮನೆಯಿಂದ ಮಾಯವಾದ ಮೇಲೆ ಆ ಸಾರಿನಲ್ಲಿ ಇನ್ನೇನು ಉಳಿದೀತು? ಉಂಡೆದ್ದೊಡನೆ ಚಹ ಕುಡಿಯುವ ಚಟವೊಂದು ಬೇರೆ. ಅದು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವು ರಕ್ತಗತವಾಗುವುದನ್ನು ತಡೆಯುತ್ತದೆ. ಊಟದೊಡನೆ ಹಿಂಡಿಕೊಂಡ ನಿಂಬೆಹಣ್ಣು ಅದಕ್ಕೆ ನೆರವಾಗುತ್ತದೆ. ರಾಗಿಯ ಮಾತನ್ನೂ ಹೇಳಿಬಿಡಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಅಧಿಕ ಸುಣ್ಣಾಂಶವಿದ್ದರೆ ಬಿಳಿಯ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಬಡವರ ಧಾನ್ಯವೆಂದು ನಾವು ಕೈಬಿಟ್ಟ ಈ ರಾಗಿ ಈಗ ಬಣ್ಣದ ಪೊಟ್ಟಣದಲ್ಲಿ ಬಿಸ್ಕತ್ತಾಗಿ ದುಬಾರಿ ಬೆಲೆಗೆ ನಮಗೇ ಮಾರಾಟವಾಗುತ್ತಿದೆ!

ಸರಕಾರಿ ಯೋಜನೆಗಳ ಅಕ್ಕಿಗೆಲ್ಲ 2024ರೊಳಗೆ ಪೋಷಕಾಂಶಗಳನ್ನು ಬೆರೆಸಲಾಗುವುದೆಂದು ಪ್ರಧಾನಿಗಳು 2021ರ ಸ್ವಾತಂತ್ರ್ಯೋತ್ಸವದಂದು ಘೋಷಿಸಿದರು. ಬಡವರಿಗೆ ಅದರಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸತ್ವವಿದ್ದುದನ್ನು ಗಿರಣಿಯಲ್ಲಿ ಕಳೆದು, ಬಳಿಕ ಕಾರ್ಖಾನೆಯಲ್ಲಿ ಕೂಡಿಸುವ ಈ ಲೆಕ್ಕಾಚಾರ ನಗೆ ತರಿಸುವಂಥದೇ.

ಅಜ್ಜಿಯ ಅಡಿಗೆಯಿಂದ ಸಕಲವೂ ಸರಿಹೋಗುವುದೆಂದು ಭಾವಿಸುವುದೂ ತಪ್ಪು. ಬಿ-12 ಜೀವಸತ್ವವು ಸೊಪ್ಪಿನಲ್ಲಾಗಲಿ ಧಾನ್ಯದಲ್ಲಾಗಲಿ ದೊರೆಯದು. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿಯೇ ಅದರ ವಾಸ. ನೀರುಮಜ್ಜಿಗೆಯಲ್ಲಿಯೇ ದಿನ ದೂಡುವ ಶಾಕಾಹಾರಿಗೆ ಕಾಲಿನ ಜೋಮು, ಮರೆವು ಕಾಣಿಸಿಕೊಂಡರೆ ವಯಸ್ಸಾಯಿತೆಂದು ಕೈಚೆಲ್ಲದೆ ರಕ್ತಪರೀಕ್ಷೆ ಮಾಡಿಸಬೇಕು. ಕೊರತೆ ತಿಳಿದುಬಂದರೆ ವೈದ್ಯರು ಹೇಳಿದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಮನೆಯೊಡತಿಯರಿಗಿಂತ ಹೆಚ್ಚಾಗಿ ನಮ್ಮ ಹೋಟೆಲುಗಳ ಧಣಿಗಳಿಗೆ ಈ ಮಾತು ಮುಟ್ಟಬೇಕಾಗಿದೆ. ಊರಿಂದ ಬಂದ ಹುಡುಗರು ಹದಿನಾರು ಹದಿನೆಂಟು ಗಂಟೆ ಅದೇ ಸೂರಿನಡಿ ಕಳೆಯುತ್ತಾರೆ. ಧಣಿ ಬಡಿಸಿದುದೇ ಅವರ ಊಟ. ಗಿರಾಕಿಗಳಿಗೆ ಪಲ್ಯ, ಮೊಸರು, ಹಪ್ಪಳ. ಹುಡುಗರಿಗೆ ಮಿಕ್ಕ ಬಿಳಿಯ ಅನ್ನ, ತೆಳು ಸಾಂಬಾರು, ಜೊತೆಗೆ ನಾಲ್ಕೈದು ಲೋಟ ಚಹ. ಕುಚ್ಚಲಕ್ಕಿ ಮಾಟುಂಗದ ಅಂಗಡಿಗಳಲ್ಲಿಯೇ ಸಿಗುತ್ತದೆ. ಹುರುಳಿ, ಸೊಪ್ಪುಗಳಿಗೆ ತಗಲುವ ವೆಚ್ಚ ಹುಡುಗನೊಬ್ಬ ಕಾಯಿಲೆ ಬಿದ್ದಾಗ ಆಗುವ ನಷ್ಟಕ್ಕಿಂತ ಕಡಿಮೆ. ವರ್ಷಕ್ಕೊಮ್ಮೆ ಅವರೆಲ್ಲರ ರಕ್ತಪರೀಕ್ಷೆ ಮಾಡಿಸುವ ಹೊಣೆಯನ್ನು ನಮ್ಮ ಸಂಘಗಳು ವಹಿಸಿಕೊಂಡರೆ ವಾರ್ಷಿಕೋತ್ಸವದ ಹಾರತುರಾಯಿಗಳ ಖರ್ಚಿನಲ್ಲಿಯೇ ಆ ಕೆಲಸ ನಡೆದೀತು.