'ಏನಿಲ್ಲ' ಅಂದ್ರೆ ಸಾಲದು ಸ್ವಾಮಿ!

ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. "ಏನ್ ಗುರು, ಪತ್ತೇನೇ ಇಲ್ಲ?" ಅಂತ ಇಬ್ಬರು ಕೇಳಿದರು. ಕಾರಣ ಹೇಳಿಬಿಡ್ತೀನಿ. ನಾನು ನಾಡಿ ಎಣಿಸ್ತಾ ಕೂತಿದ್ದೆ!

ತಮಾಷೆ ಅಲ್ಲ. ದಟ್ಟಗಳ್ಳಿಯ ನಮ್ಮನೇಲಿ ರಾತ್ರಿ ಎಡಮಗ್ಗುಲಾಗಿ ಮಲಗಿದರೆ ಸಾಕು, ಎದೆ ಒಂದು ಬಡಿತ ನುಂಗಿದ ಹಾಗಾಗಿ, ಆಮೇಲೆ ಧಡ್ ಅಂತ ಒದೆಯೋದು. ಕೈ ತಾನಾಗೇ ಕುತ್ತಿಗೆಗೆ ಹೋಗೋದು. ಎಣಿಸಿದಷ್ಟೂ ಭಯ, ಭಯ ಆದಷ್ಟೂ ಬಡಿತ ಜೋರು. ಇಪ್ಪತ್ತೆಂಟಕ್ಕೇ ಮುಗೀತಾ ಅಂತ ಗೋಡೆ ನೋಡ್ಕೊಂಡು ಬೆಳಗು ಮಾಡಿದ ರಾತ್ರಿಗಳು ಎಷ್ಟೋ.

ಇಸಿಜಿ ಆಯ್ತು, ಎಕೋ ಆಯ್ತು, ಥೈರಾಯ್ಡ್ ಆಯ್ತು. ಎಲ್ಲಾ ನಾರ್ಮಲ್. ಡಾಕ್ಟ್ರು ತಲೆ ಎತ್ತದೇ "ಏನಿಲ್ಲಪ್ಪ, ಟೆನ್ಷನ್ ಮಾಡ್ಕೋಬೇಡ" ಅಂದ್ರು. ಎರಡು ನಿಮಿಷಕ್ಕೆ ನಾನು ಆಚೆ. "ಏನಿಲ್ಲ ಅಂದ್ರಲ್ಲೋ, ಇನ್ಯಾಕೆ ಮುಖ ಹಂಗ್ ಮಾಡ್ಕೊಂಡಿದೀಯ?" ಅಂತ ಅಮ್ಮ.

ನನ್ನ ಜಗಳ ಈ 'ಏನಿಲ್ಲ' ಅನ್ನೋದರ ಜೊತೆ.

ಹೃದಯಕ್ಕೆ ರೋಗ ಇಲ್ಲ, ಒಪ್ಪಿದೆ. ಆದರೆ ಒದ್ದಿದ್ದು ಸುಳ್ಳಾ? ನಮ್ಮ ಆಫೀಸಲ್ಲಿ ಯಾರಾದ್ರೂ ಬಗ್ ಇದೆ ಅಂದ್ರೆ "ನನ್ನ ಮೆಷಿನ್ನಲ್ಲಿ ಸರಿಯಾಗೇ ಇದೆಯಲ್ಲ" ಅಂತೀವಲ್ಲ, ಇದೂ ಹಂಗೇ. ಇಸಿಜಿ ಹಿಡಿಯೋದು ಸುಮಾರು ಹತ್ತು ಸೆಕೆಂಡು. ದಿನಕ್ಕಿರೋದು 86,400 ಸೆಕೆಂಡು.

ಕೊನೆಗೆ ಇನ್ನೊಬ್ಬ ಡಾಕ್ಟ್ರು 24 ಗಂಟೆ ಹೋಲ್ಟರ್ ಕಟ್ಟಿಸಿ, ರಿಪೋರ್ಟಿನ ಹಿಂದೆ ಚಿತ್ರ ಬರೆದು ತೋರಿಸಿದರು. ಹೃದಯದ ಯಾವುದೋ ಒಂದು ಮೂಲೆ ತನ್ನ ಸರದಿಗೆ ಮುಂಚೆನೇ ಮಿಡಿದುಬಿಡುತ್ತೆ. ಆಗಿನ್ನೂ ರಕ್ತ ಪೂರ್ತಿ ತುಂಬಿರಲ್ಲ, ಅದಕ್ಕೇ ಆ ಬಡಿತ ಸಪ್ಪೆ. ಆಮೇಲೊಂದು ಪುಟ್ಟ ವಿರಾಮ. ಅಷ್ಟರಲ್ಲಿ ಮಾಮೂಲಿಗಿಂತ ಹೆಚ್ಚು ರಕ್ತ ತುಂಬ್ಕೊಳ್ಳುತ್ತೆ, ಮುಂದಿನ ಬಡಿತ ಜೋರಾಗಿ ಬರುತ್ತೆ. ಇದಕ್ಕೆ ಎಕ್ಟೋಪಿಕ್ ಅಂತಾರೆ. ಅಂದ್ರೆ ನಾನು ಸಾವು ಅಂದ್ಕೊಂಡಿದ್ದ ಆ 'ಧಡ್' ಹೃದಯ ಲಯಕ್ಕೆ ವಾಪಸ್ ಬಂದ ಸದ್ದು! ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಅದರಲ್ಲಿ ಕೆಲವು ಹೀಗೆ ತಪ್ಪೋದು ಆರೋಗ್ಯವಂತರಲ್ಲೂ ಸಾಮಾನ್ಯ.

ಐದೇ ನಿಮಿಷ. ಅವತ್ತು ರಾತ್ರಿ ನಿದ್ದೆ ಬಂತು.

ಈಗ 2025ರ ಜೂನ್-ಜುಲೈ ನೆನಪು ಮಾಡ್ಕೊಳ್ಳಿ. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಹಠಾತ್ ಸಾವು ಅಂತ ಟಿವಿಯಲ್ಲಿ ದಿನಾ ಎಣಿಕೆ. ಇಲ್ಲಿ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಬೆಳಬೆಳಗ್ಗೆನೇ ಕ್ಯೂ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗಲೂ ಹೀಗೇ ಆಗಿತ್ತು. ಆಮೇಲೆ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿದ 24 ಸಾವಿನಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ, ಅದರಲ್ಲೊಂದು ರಸ್ತೆ ಅಪಘಾತ! ಉಳಿದವರದ್ದು ನಿಜವಾದ ಸಾವೇ. ಆ ಮನೆಗಳ ನೋವು ಸಣ್ಣದಲ್ಲ. ಆದರೆ ಎಣಿಕೆಯನ್ನ ಬ್ರೇಕಿಂಗ್ ನ್ಯೂಸ್ ಮಾಡಿದಷ್ಟು ಜೋರಾಗಿ ಈ ವಿವರವನ್ನ ಯಾರು ಹೇಳಿದರು?

ಕ್ಯೂನಲ್ಲಿ ನಿಂತವರನ್ನ ನೋಡಿ ನಕ್ಕವರಿದ್ದಾರೆ. ನಾನು ನಗಲ್ಲ, ನಾನೂ ಅವರ ಜಾತಿಯೇ. ಡಾಕ್ಟ್ರಿಗೆ ಪುರುಸೊತ್ತಿಲ್ಲ, ಹೊರಗೆ ನೂರು ಜನ ಕಾಯ್ತಿರ್ತಾರೆ ಅಂತೀರಾ? ನಿಜ. ಆದರೆ 'ಏನಿಲ್ಲ' ಅಂತ ಕಳಿಸಿದವನು ಮನೆಗೆ ಹೋಗಲ್ಲ ಸಾರ್, ಇನ್ನೊಬ್ಬ ಡಾಕ್ಟ್ರ ಹತ್ರ ಹೋಗ್ತಾನೆ. ಆ ನೂರರಲ್ಲಿ ಅವನೂ ಒಬ್ಬ. ಅವನ ಹಿಂದೆ ನಿಜವಾಗ್ಲೂ ಎದೆನೋವಿರೋ ಮುದುಕರೊಬ್ಬರು ನಿಂತಿರ್ತಾರೆ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ನಾರ್ಮಲ್ ರಿಪೋರ್ಟಿನ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಆ ಒದೆತ ಏನು, ಯಾಕೆ ಅಂತ ಬರೀರಿ. ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ, ಉಸಿರು ಕಟ್ಟಿದರೆ, ಓಡುವಾಗ ಬಡಿತ ತಪ್ಪಿದರೆ, ಮನೆಯಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಹಠಾತ್ ಹೋಗಿದ್ದರೆ ಸುಮ್ಮನಿರಬೇಡಿ, ತಕ್ಷಣ ಬನ್ನಿ ಅಂತ ಬರೀರಿ. ಮತ್ತೆ ಭಯವೂ ಒಂದು ತೊಂದರೆನೇ, ಅದಕ್ಕೂ ಚಿಕಿತ್ಸೆ ಇದೆ ಅಂತ ಬರೀರಿ. 2022ರಿಂದ ಟೆಲಿ ಮಾನಸ್ ಇದೆ, 14416ಕ್ಕೆ ಪುಕ್ಕಟೆಯಾಗಿ ಕರೆ ಮಾಡಬಹುದು. ನನಗೆ ಇದನ್ನ ಯಾರೂ ಹೇಳಲಿಲ್ಲ. 'ಟೆನ್ಷನ್ ಮಾಡ್ಕೋಬೇಡ' ಅನ್ನೋದು, ಜ್ವರ ಬಂದವನಿಗೆ 'ಬಿಸಿಯಾಗಬೇಡ' ಅಂದ ಹಾಗೆ.

ಈಗಲೂ ಬರುತ್ತೆ. ನಿನ್ನೆ ಸಂಜೆ ಲಿಂಗಾಂಬುಧಿ ಕೆರೆ ಹತ್ರ ನಡೀತಿದ್ದು, ಸುಸ್ತಾಗಿ ಕೂತಾಗ ಬಂತು. ಕೈ ಅರ್ಧ ದಾರಿ ಕುತ್ತಿಗೆ ತನಕ ಹೋಯ್ತು, ಜೇಬಿಗೆ ಹಾಕ್ಕೊಂಡೆ.

ಸಿನಿಮಾ, ರಾಜಕೀಯ, ಒತ್ತಕ್ಷರ, ಎಲ್ಲದರ ಬಗ್ಗೆನೂ ಕನ್ನಡದಲ್ಲಿ ಜಗಳ ಆಡಿದೀವಿ. ನಿಮ್ಮಲ್ಲೂ ಯಾರಿಗೋ ಹೀಗಾಗ್ತಿರಬೇಕು. ನಾಚ್ಕೋಬೇಡಿ, ಬರೀರಿ. ರಾತ್ರಿ ಎರಡು ಗಂಟೆಗೆ ಒಬ್ಬ ಹೆದರಿ ಹುಡುಕಿದಾಗ, ಅವನ ಭಾಷೆಯಲ್ಲಿ 'ಏನಿಲ್ಲ' ಅನ್ನೋದಕ್ಕಿಂತ ನಾಕು ಮಾತು ಜಾಸ್ತಿ ಸಿಗಲಿ.