ಓದುವುದು ಹಿಂಸೆಯಲ್ಲ

ವಂಶವಾಹಿಗಳ ಸಂಶೋಧನೆಯೆಂದೊಡನೆ ಜೈನ ಸಮಾಜದ ಕೆಲವು ಧಾರ್ಮಿಕರು ಮುಖ ತಿರುಗಿಸುತ್ತಾರೆ. ಜೀವದ ಮೂಲಕ್ಕೆ ಕೈಹಾಕುವ ವಿದ್ಯೆಯೆಲ್ಲವೂ ಹಿಂಸೆಯೇ ಎಂಬುದು ಅವರ ವಾದ. ಈ ವಾದದಲ್ಲಿ ಭಕ್ತಿಯಿದೆ, ವಿವೇಚನೆಯಿಲ್ಲ. ವಂಶವಾಹಿಯನ್ನು ತಿದ್ದುವುದು ಒಂದು, ಓದುವುದು ಮತ್ತೊಂದು. ಓದಬಹುದಾದುದನ್ನು ಓದದೆ ನಡೆಯುವುದೇ ಹಿಂಸೆಗೆ ದಾರಿಯಾದೀತು.

ಹಾಸನ ಜಿಲ್ಲೆಯನ್ನೇ ನೋಡಬಹುದು. ಆಲೂರು, ಸಕಲೇಶಪುರಗಳಲ್ಲಿ ಆನೆ ಮತ್ತು ರೈತರ ಸಂಘರ್ಷ ದಶಕಗಳಷ್ಟು ಹಳೆಯದು. 2014ರಲ್ಲಿ ಆಲೂರು ಭಾಗದಲ್ಲಿ 22 ಆನೆಗಳನ್ನು ಸೆರೆಹಿಡಿಯಲಾಯಿತು; ಸಂಘರ್ಷ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನನು ಕಾಡಾನೆಯೊಡನೆ ಕಾದಾಡಿ ಮಡಿದನು. ಇದು ಕಾಫಿ ತೋಟದವರ ಕಷ್ಟವೆಂದು ಹಳ್ಳಿಮೈಸೂರು, ಅರಕಲಗೂಡುಗಳ ಗೃಹಸ್ಥರು ಸುಮ್ಮನಿರುವುದು ಧರ್ಮವಲ್ಲ.

ಆನೆಯ ಲದ್ದಿಯ ಹೊರಮೈಗೆ ಕರುಳಿನ ಒಳಪದರದ ಜೀವಕೋಶಗಳು ಅಂಟಿರುತ್ತವೆ. ಅವುಗಳಿಂದ ಡಿ.ಎನ್.ಎ. ಬೇರ್ಪಡಿಸಿ ಅದರಲ್ಲಿನ ಗುರುತುಗಳನ್ನು ಹೋಲಿಸಿದರೆ ಆನೆಆನೆಗಳ ರಕ್ತಸಂಬಂಧ ತಿಳಿಯುತ್ತದೆ. 2005ರಲ್ಲಿ ಟಿ.ಎನ್.ಸಿ. ವಿದ್ಯಾ ಮತ್ತು ಆರ್. ಸುಕುಮಾರ್ ಅವರು ದಕ್ಷಿಣ ಭಾರತದ ಆನೆಗಳಲ್ಲಿ, ಒಂದೇ ಗುಂಪಿನ ಹೆಣ್ಣಾನೆಗಳು ಹತ್ತಿರದ ಬಂಧುಗಳೆಂಬುದನ್ನು ಹೀಗೆಯೇ ತೋರಿಸಿದರು. 2009ರಲ್ಲಿ ಬಂಡೀಪುರದ ಹುಲಿಗಳನ್ನು ಅವುಗಳ ಮಲದಿಂದಲೇ ಒಂದೊಂದಾಗಿ ಗುರುತಿಸಿದ ಅಧ್ಯಯನವೂ ಪ್ರಕಟವಾಯಿತು. ಉಮಾ ರಾಮಕೃಷ್ಣನ್, ಉಲ್ಲಾಸ ಕಾರಂತರು ಅದರಲ್ಲಿದ್ದರು. ಮುಟ್ಟದೆ, ಅಟ್ಟದೆ, ಅರಿವಳಿಕೆ ಮದ್ದು ಹೊಡೆಯದೆ ದೊರೆತ ಜ್ಞಾನವಿದು.

ಲದ್ದಿಯು ಎಲ್ಲವನ್ನೂ ಹೇಳಲಾರದು ಎಂಬ ಆಕ್ಷೇಪಣೆಯುಂಟು. ನಿಜವೇ. ಬಿಸಿಲು ಮಳೆಗಳಲ್ಲಿ ಡಿ.ಎನ್.ಎ. ಕೆಡುತ್ತದೆ. ಆನೆಯು ಈ ಕ್ಷಣ ಎಲ್ಲಿದೆಯೆಂಬುದನ್ನು ರೇಡಿಯೋ ಕಾಲರ್ ಹೇಳಬಲ್ಲುದು, ಲದ್ದಿ ಹೇಳಲಾರದು. ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರವನ್ನೂ ಅದು ತಂದುಕೊಡದು. ಆದರೆ ಯಾವ ಆನೆ ಯಾರ ತಾಯಿ, ಯಾರ ಮಗಳು ಎಂಬುದನ್ನು ಕಾಲರ್ ತಾನಾಗಿ ತಿಳಿಸುವುದಿಲ್ಲ. ಪ್ರಾಯಕ್ಕೆ ಬಂದು ಗುಂಪನ್ನು ತೊರೆದ ಗಂಡಾನೆಯನ್ನು ಹಿಡಿಯುವುದು ಬೇರೆ. ಮರಿಗಳನ್ನು ಸಾಕುವ ಬಳಗದಿಂದ ಒಂದು ಹೆಣ್ಣಾನೆಯನ್ನು ಕಿತ್ತೊಯ್ಯುವುದು ಬೇರೆ. ಈ ಭೇದವನ್ನರಿಯದೆ ಹೊರಡುವ ಆಜ್ಞೆ, ಖಾತೆದಾರನ ಹೆಸರಿಲ್ಲದೆ ಬರೆದ ಲೆಕ್ಕದಂತೆ.

ಜೈನ ಶಾಸ್ತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡಿದೆ. ತಿಳಿಯುವ ಉಪಾಯವಿದ್ದೂ ತಿಳಿಯದೆ ಜೀವಿಗಳ ಮೇಲೆ ಕೈಮಾಡುವುದಕ್ಕಿಂತ ಸ್ಪಷ್ಟವಾದ ಪ್ರಮಾದ ಯಾವುದು? ಆದುದರಿಂದ ಆನೆಗಳ ಸೆರೆ ಅಥವಾ ಸ್ಥಳಾಂತರಕ್ಕೆ ಮುನ್ನ, ಜನರ ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿಲ್ಲದ ಸಂದರ್ಭಗಳಲ್ಲೆಲ್ಲ, ಗುಂಪಿನ ಬಂಧುತ್ವದ ಪರೀಕ್ಷೆ ಕಡ್ಡಾಯವಾಗಬೇಕು. ಲದ್ದಿಯಿಂದ ತಿಳಿಯುವುದಕ್ಕಾಗಿ ರಕ್ತ ತೆಗೆಯುವುದು ನಿಲ್ಲಬೇಕು. ಬಸದಿಗಳ ಟ್ರಸ್ಟುಗಳು ಜೀವದಯೆಗೆಂದು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಇಂತಹ ಅಧ್ಯಯನ ಮಾಡುವ ವಿದ್ಯಾರ್ಥಿಗಳಿಗೆ ಮೀಸಲಿಡಲಿ. ಶಾಸ್ತ್ರದಾನ, ಅಭಯದಾನಗಳೆರಡೂ ಒಂದೇ ಕೈಯಿಂದ ನಡೆಯುವ ಅವಕಾಶವಿದು.